ಹಳೆಯ ‘ಲೈಫ್’, ‘ಲುಕ್’ ಪತ್ರಿಕೆಗಳ ರಾಶಿ ಸಿಕ್ಕಿದೆ, ಯಾವುದನ್ನು ಇಟ್ಟುಕೊಳ್ಳಲಿ?

ಓಹಾಯೋ ವಾಸಿ

ನಮಸ್ಕಾರ. ಪಕ್ಕದ ಬೀದಿಯಲ್ಲಿ ಎಸ್ಟೇಟ್ ಸೇಲ್ ನಡೀತಿದೆ. ಮನೆಯ ಹಿರಿಯರು ತೀರಿಕೊಂಡು ಮಕ್ಕಳು ಎಲ್ಲ ಖಾಲಿ ಮಾಡ್ತಿದ್ದಾರೆ. ಬೇಸ್‌ಮೆಂಟಿನಲ್ಲಿ ಹಳೇ ಪತ್ರಿಕೆಗಳ ದೊಡ್ಡ ರಾಶಿ. ಹೆಚ್ಚಿನವು ‘ಲೈಫ್’, ಅಮೆರಿಕದ ಚಿತ್ರಪ್ರಧಾನ ವಾರಪತ್ರಿಕೆ. ಜೊತೆಗೆ ‘ಲುಕ್’, ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’, ‘ಟೈಮ್’, ‘ನ್ಯೂಸ್‌ವೀಕ್’. ಮೇಲ್ಮೇಲೆ ನೋಡಿದ್ದಕ್ಕೆ ಎರಡನೇ ಮಹಾಯುದ್ಧದಿಂದ 1972ರವರೆಗೆ ಇದ್ದ ಹಾಗಿದೆ. ಇಡೀ ರಾಶಿಗೆ ಒಂದು ರೇಟು, ಬಿಡಿಯಾಗಿ ಆರಿಸಿಕೊಂಡರೆ ಇನ್ನೊಂದು.

ಮಾರಿ ದುಡ್ಡು ಮಾಡೋ ಉದ್ದೇಶ ಇಲ್ಲ. ಮಗಳು ಹೈಸ್ಕೂಲು, ಈ ವರ್ಷ ಅಮೆರಿಕದ ಇತಿಹಾಸ ಓದ್ತಿದ್ದಾಳೆ. ಪಠ್ಯಪುಸ್ತಕದಲ್ಲಿ 1950ರ ದಶಕ ಬಂದದ್ದೇ ಗೊತ್ತಾಗಲ್ಲ, ಹೋಗಿರುತ್ತೆ. ನನಗೂ ಆ ಕಾಲದ ಬಗ್ಗೆ ಸಿನಿಮಾ ನೋಡಿ ತಿಳಿದದ್ದೇ ಜಾಸ್ತಿ. ಎಲ್ಲ ಹೊತ್ತು ತಂದರೆ ಮನೆಯವಳು ನನ್ನನ್ನೇ ಬೇಸ್‌ಮೆಂಟಿಗೆ ಕಳಿಸ್ತಾಳೆ. ಏನು ಆರಿಸಲಿ? ಶನಿವಾರದವರೆಗೆ ಟೈಮಿದೆ.

ರದ್ದಿರಾಯ

ಮೊದಲು ರೇಟಿನ ಮಾತು ಮುಗಿಸಿಬಿಡೋಣ. ‘ಲೈಫ್’ ಅಪರೂಪದ ವಸ್ತುವಲ್ಲ. ವಾರವಾರ ಲಕ್ಷಗಟ್ಟಲೆ ಅಚ್ಚಾಗುತ್ತಿತ್ತು. 1960ರ ದಶಕದ ಕೊನೆಗೆ 80 ಲಕ್ಷ ಪ್ರತಿ ದಾಟಿತ್ತು. ಜನ ಎಸೆಯದೆ ಅಟ್ಟದಲ್ಲಿ, ಬೇಸ್‌ಮೆಂಟಿನಲ್ಲಿ ಪೇರಿಸಿಟ್ಟರು. ಆದ್ದರಿಂದ ಮಾಮೂಲಿ ಸಂಚಿಕೆಗೆ ಒಂದು ಕಾಫಿ, ಒಂದು ಬನ್ನಿನ ದುಡ್ಡು ಕೊಟ್ಟರೆ ಸಾಕು. ಮಾರುವವರು ‘ಐತಿಹಾಸಿಕ’ ಅಂದ ಕೂಡಲೇ ಜೇಬಿಗೆ ಕೈ ಹಾಕಬೇಡಿ.

ದುಬಾರಿ ಇರೋದು ಕೆಲವೇ ಕೆಲವು. 1936ರ ನವೆಂಬರ್ 23ರ ಮೊದಲ ಸಂಚಿಕೆ, ಮುಖಪುಟದಲ್ಲಿ ಮಾರ್ಗರೆಟ್ ಬರ್ಕ್-ವೈಟ್ ತೆಗೆದ ಫೋರ್ಟ್ ಪೆಕ್ ಅಣೆಕಟ್ಟಿನ ಚಿತ್ರ. 1952ರ ಏಪ್ರಿಲ್ 7ರದು, ಮರಿಲಿನ್ ಮನ್ರೋ ಮೊದಲ ಸಲ ಮುಖಪುಟಕ್ಕೆ ಬಂದದ್ದು. 1962ರ ಏಪ್ರಿಲ್ 13ರದು ತಮಾಷೆಯ ಕೇಸು: ಒಳಗೆ ಬೇಸ್‌ಬಾಲ್ ಆಟಗಾರರಾದ ಮಿಕ್ಕಿ ಮ್ಯಾಂಟಲ್, ರಾಜರ್ ಮ್ಯಾರಿಸ್ ಇಬ್ಬರ ಚಿತ್ರದ ಕಾರ್ಡು ಇದ್ದ ಹಾಳೆ ಇತ್ತು. ಆ ಹಾಳೆ ಇದ್ದರೆ ಒಂದು ಬೆಲೆ, ಹರಿದುಕೊಂಡು ಹೋಗಿದ್ದರೆ ಪತ್ರಿಕೆಗೆ ಬೆಲೆಯೇ ಇಲ್ಲ.

ಆರಿಸುವಾಗ ಮೊದಲು ಮೂಗಿಗೆ ಕೆಲಸ ಕೊಡಿ. ಮುಗ್ಗು ವಾಸನೆ ಇದ್ದರೆ ಎಷ್ಟು ಚೆನ್ನಾಗಿ ಕಂಡರೂ ಬೇಡ. ಆ ವಾಸನೆ ಮತ್ತೆ ಹೋಗಲ್ಲ, ಪಕ್ಕದಲ್ಲಿಟ್ಟದ್ದಕ್ಕೂ ಹತ್ತುತ್ತೆ. ಆಮೇಲೆ ಬೆನ್ನಿನ ಪಿನ್ನು ನೋಡಿ. ತುಕ್ಕು ಹಿಡಿದಿದ್ದರೆ ನಡುವಿನ ಹಾಳೆ ಕಳಚಿಕೊಳ್ಳುತ್ತೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಪುಟಸಂಖ್ಯೆ ಬಿಟ್ಟುಹೋಗದೆ ಬಂದಿದೆಯಾ ಅಂತ ಮೊದಲಿನಿಂದ ಕೊನೆವರೆಗೆ ತಿರುವಿ. ಕಾರು, ಕೋಲಾ ಜಾಹೀರಾತು ಕತ್ತರಿಸಿ ಫ್ರೇಮು ಹಾಕಿ ಮಾರುವ ದಂಧೆ ದೊಡ್ಡದಿದೆ. ಮುಖಪುಟ ಫಳಫಳ, ಒಳಗೆ ಇಲಿ ತಿಂದ ಹಾಗೆ.

ಮುಖಪುಟದ ಮೇಲೆ ಚಂದಾದಾರರ ವಿಳಾಸದ ಚೀಟಿ ಇರುತ್ತೆ. ಚೀಟಿ ಇಲ್ಲದ ಅಂಗಡಿ ಪ್ರತಿಗೆ ಸಂಗ್ರಾಹಕರು ಹೆಚ್ಚು ಕೊಡ್ತಾರೆ. ಓದೋಕೆ ಬೇಕಾದವರಿಗೆ ಅದರಿಂದ ಏನೂ ನಷ್ಟವಿಲ್ಲ. ನನಗಂತೂ ಚೀಟಿ ಇರುವುದೇ ಇಷ್ಟ, ಯಾವ ಊರಿನ ಮನೆಗೆ ಬಂದದ್ದು ಅಂತ ತಿಳಿಯುತ್ತೆ.

ಧಾರವಾಡ ಪೇಡೆ

ರಾಯರ, ಜಾಹೀರಾತು ಕತ್ತರಿಸಿದ್ರ ಉಳಿದದ್ದು ಏನ್ರಿ? ನಾ ಅಂತೂ ಅದನ್ನ ನೋಡ್ಲಿಕ್ಕೇ ತಗೋತೀನಿ. 1946ರ ಕ್ಯಾಮೆಲ್ ಸಿಗರೇಟಿಂದು ನೋಡ್ರಿ: ಬಿಳಿ ಕೋಟು ಹಾಕ್ಕೊಂಡ ಡಾಕ್ಟರು, ಕೈಯಾಗ ಸಿಗರೇಟು, ‘ಬೇರೆ ಯಾವ ಸಿಗರೇಟಿಗಿಂತಲೂ ಹೆಚ್ಚು ಡಾಕ್ಟರು ಸೇದೋದು ಕ್ಯಾಮೆಲ್’ ಅಂತ ತಲೆಬರಹ. ನಗಬೇಕೋ ಅಳಬೇಕೋ ಗೊತ್ತಾಗಂಗಿಲ್ಲ. ಟಿವಿಯೊಳಗ ಸಿಗರೇಟು ಜಾಹೀರಾತು 1971ರ ಜನವರಿಗೆ ಬಂದ್ ಆತು. ಆ ರೊಕ್ಕ ಎಲ್ಲಿ ಹೋಗ್ಬೇಕು? ಪತ್ರಿಕೆಗೇ ಬಂತು. 1971–72ರ ‘ಲೈಫ್’ ತಿರುವಿದ್ರ ಹೊಗಿ ವಾಸನಿ ಬಂದ್ಹಂಗ ಆಗ್ತದ.

ಇನ್ನೊಂದು. 1942ರ ಫೆಬ್ರುವರಿಯೊಳಗ ಅಮೆರಿಕಾದಾಗ ಸಾಮಾನ್ಯ ಜನರ ಕಾರು ಮಾಡೋದೇ ನಿಲ್ಲಿಸಿಬಿಟ್ರು, ಕಾರ್ಖಾನಿ ಎಲ್ಲಾ ಯುದ್ಧದ ಕೆಲಸಕ್ಕ. ಮಾರ್ಲಿಕ್ಕೆ ಒಂದೂ ಕಾರಿಲ್ಲ, ಆದ್ರೂ ಕಾರು ಕಂಪನಿಗಳ ಪುಟಗಟ್ಟಲೆ ಜಾಹೀರಾತು! ಟ್ಯಾಂಕು, ವಿಮಾನದ ಎಂಜಿನ್ನು ತೋರಿಸಿ, ಯುದ್ಧ ಬಾಂಡ್ ತಗೋರಿ ಅನ್ನೋದು. ಯುದ್ಧ ಮುಗಿದ ದಿನ ಗಿರಾಕಿಗೆ ನಮ್ಮ ಹೆಸರು ಮರ್ತಿರಬಾರ್ದು, ಅಷ್ಟ ಲೆಕ್ಕಾಚಾರ.

ಅಕ್ಷರಪ್ರಿಯೆ

ಓಹಾಯೋ ಅವರೇ, ನಾನು ಇತಿಹಾಸ ಪಾಠ ಹೇಳುವವಳು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ನಿಮ್ಮ ಪಟ್ಟಿಯಲ್ಲಿ ಒಂದು ಹೆಸರಿಲ್ಲ. ‘ಜೆಟ್’. ಆ ಮನೆಯಲ್ಲಿ ಇರುವ ಸಂಭವ ಕಡಿಮೆ. ಯಾಕೆ ಕಡಿಮೆ ಅನ್ನುವುದರಲ್ಲೇ ಆ ಕಾಲದ ಕಥೆ ಇದೆ.

‘ಲೈಫ್’, ‘ಲುಕ್’ ಎರಡೂ ಅಗಲವಾದ ನುಣುಪು ಕಾಗದದ ಪತ್ರಿಕೆಗಳು, ಡ್ರಾಯಿಂಗ್ ರೂಮಿನ ಮೇಜಿನ ಮೇಲೆ ಹರಡಿ ನೋಡುವಂಥವು. ‘ಜೆಟ್’ ಅಂಗೈಗಿಂತ ಸ್ವಲ್ಪ ದೊಡ್ಡದು, ಕೋಟಿನ ಜೇಬಿಗೆ ಸೇರುತ್ತಿತ್ತು. ಷಿಕಾಗೋದ ಜಾನ್ ಎಚ್. ಜಾನ್ಸನ್ 1945ರಲ್ಲಿ ‘ಎಬನಿ’ ಶುರುಮಾಡಿದರು, 1951ರಲ್ಲಿ ‘ಜೆಟ್’. ಕರಿಯರ ಮನೆಗಳಲ್ಲಿ, ಕ್ಷೌರದಂಗಡಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಪತ್ರಿಕೆ.

1955ರ ಆಗಸ್ಟ್‌ನಲ್ಲಿ ಷಿಕಾಗೋದ 14 ವರ್ಷದ ಹುಡುಗ ಎಮ್ಮೆಟ್ ಟಿಲ್ ಮಿಸಿಸಿಪ್ಪಿಯ ಬಂಧುಗಳ ಮನೆಗೆ ಹೋದ. ಬಿಳಿ ಹೆಂಗಸೊಬ್ಬಳ ಜೊತೆ ಅಂಗಡಿಯಲ್ಲಿ ಸಲಿಗೆ ತೋರಿಸಿದ ಅನ್ನುವ ಆರೋಪ. ರಾತ್ರಿ ಎಳೆದುಕೊಂಡು ಹೋಗಿ ಕೊಂದು ಟಲ್ಲಹಾಚಿ ನದಿಗೆ ಎಸೆದರು. ಹೆಣ ಷಿಕಾಗೋಗೆ ಬಂದಾಗ ತಾಯಿ ಮೇಮಿ ಪೆಟ್ಟಿಗೆ ಮುಚ್ಚಲು ಬಿಡಲಿಲ್ಲ, ನನ್ನ ಮಗನಿಗೆ ಏನು ಮಾಡಿದ್ದಾರೆಂದು ಜಗತ್ತು ನೋಡಲಿ ಎಂದು ಹಟ ಹಿಡಿದರು. ಡೇವಿಡ್ ಜಾಕ್ಸನ್ ತೆಗೆದ ಆ ಮುಖದ ಚಿತ್ರ ‘ಜೆಟ್’ನ 1955ರ ಸೆಪ್ಟೆಂಬರ್ 15ರ ಸಂಚಿಕೆಯಲ್ಲಿ ಬಂತು. ದೊಡ್ಡ ಬಿಳಿ ಪತ್ರಿಕೆಗಳು ಅದನ್ನು ಹಾಕಲಿಲ್ಲ. ಒಂದೇ ದೇಶ, ಒಂದೇ ವಾರ. ಒಂದು ಮನೆಯಲ್ಲಿ ಎಲ್ಲರೂ ಆ ಚಿತ್ರ ನೋಡಿದ್ದಾರೆ, ಇನ್ನೊಂದು ಮನೆಯಲ್ಲಿ ಯಾರೂ ನೋಡಿಲ್ಲ.

ಈಗ ನಿಮ್ಮ ರಾಶಿಗೆ ಬನ್ನಿ. 1956ರ ಜನವರಿ 24ರ ‘ಲುಕ್’ ಹುಡುಕಿ. ಬರೀ ಬಿಳಿಯರಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳಿಬ್ಬರನ್ನೂ ಬಿಟ್ಟುಕಳಿಸಿತ್ತು. ಆಮೇಲೆ ಅವರೇ ವಿಲಿಯಂ ಬ್ರ್ಯಾಡ್‌ಫರ್ಡ್ ಹ್ಯೂಯಿ ಎಂಬ ಪತ್ರಕರ್ತನಿಂದ ದುಡ್ಡು ತಗೊಂಡು, ‘ಹೌದು, ನಾವೇ ಕೊಂದೆವು’ ಅಂತ ಹೇಳಿಕೊಂಡರು. ಒಮ್ಮೆ ಖುಲಾಸೆಯಾದ ಮೇಲೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ ಅನ್ನುವ ಧೈರ್ಯ. ಆ ಬರಹ ಮುಖ್ಯ ದಾಖಲೆ, ಆದರೆ ಪೂರ್ತಿ ನಂಬುವಂಥದ್ದಲ್ಲ. ಕೊಲೆಗಾರರು ಹೇಳಿದ್ದನ್ನೇ ನೆಚ್ಚಿಕೊಂಡು ಬರೆದದ್ದು, ಜೊತೆಗಿದ್ದ ಬೇರೆಯವರ ಹೆಸರು ಅದರಲ್ಲಿಲ್ಲ.

ನಿಮ್ಮ ಮಗಳಿಗೆ ಇದೊಂದು ಜೋಡಿ ಸಾಕು, ಒಂದು ತಿಂಗಳ ಪಾಠ ಆಗುತ್ತೆ. ‘ಜೆಟ್’ನ ಆ ಸಂಚಿಕೆ ಈಗ ಕೈಗೆಟುಕದ ಬೆಲೆಗೆ ಹೋಗಿದೆ, ಸ್ಕ್ಯಾನ್ ನೋಡಬೇಕಷ್ಟೆ. ಮೊದಲು ನೀವು ನೋಡಿ, ಆಮೇಲೆ ತೋರಿಸಿ.

ಬಯಲುಸೀಮೆ ಹುಡುಗ

ಸ್ಕ್ಯಾನ್ ಅಂದ್ರಲ್ಲ ಮೇಡಂ, ಅಲ್ಲೇ ನನ್ನ ಪ್ರಶ್ನೆ. 1936ರಿಂದ 1972ರವರೆಗಿನ ‘ಲೈಫ್’ ಗೂಗಲ್ ಬುಕ್ಸ್‌ನಲ್ಲಿ ಪುಕ್ಕಟೆ ಇದೆ. ‘ಜೆಟ್’, ‘ಎಬನಿ’ ಸಂಚಿಕೆಗಳೂ ಬೇಕಾದಷ್ಟು ಸಿಗ್ತವೆ. ಹುಡುಕಿದ ಪದ ಕ್ಷಣದಲ್ಲಿ ಸಿಗುತ್ತೆ. ಹಾಗಿರುವಾಗ ಮುಗ್ಗು ವಾಸನೆಯ ಕಾಗದ ಹೊತ್ತು ತರೋದು ಯಾಕೆ? ಇದು ಇತಿಹಾಸದ ಆಸಕ್ತಿಯಲ್ಲ, ಬೇರೆಯವರ ಹಳೇಕಾಲದ ಮೇಲಿನ ಮೋಹ. ಆ ಪತ್ರಿಕೆಗಳು ಬರುವಾಗ ನಮ್ಮವರಿಗೆ ಈ ದೇಶಕ್ಕೆ ಬರೋಕೇ ಬಾಗಿಲು ಇರಲಿಲ್ಲ.

ರದ್ದಿರಾಯ

ಹುಡುಗ್ರೇ, ಹುಡುಕಿದ್ದು ಸಿಗುತ್ತೆ ಅನ್ನೋದೇ ಸ್ಕ್ಯಾನಿನ ಕೊರತೆ ಕೂಡ. ಏನು ಹುಡುಕಬೇಕು ಅಂತ ಗೊತ್ತಿಲ್ಲದ್ದು ಸಿಗೋದು ಕಾಗದ ತಿರುವುವಾಗ.

ಒಂದು ಉದಾಹರಣೆ ಹೇಳ್ತೀನಿ. 1969ರ ಜೂನ್ 27ರ ‘ಲೈಫ್’. ಮುಖಪುಟದಲ್ಲಿ ಒಬ್ಬ ಯುವಕನ ಮುಖ ಮಾತ್ರ, ತೀರಾ ಹತ್ತಿರದಿಂದ. ಒಳಗೆ ಮೇ 28ರಿಂದ ಜೂನ್ 3ರವರೆಗಿನ ಒಂದು ವಾರದಲ್ಲಿ ವಿಯೆಟ್ನಾಂ ಯುದ್ಧದ ಕಾರಣ ಸತ್ತರೆಂದು ಸೇನೆ ಪ್ರಕಟಿಸಿದ 242 ಜನರ ಹೆಸರು, ಅವರಲ್ಲಿ 217 ಜನರ ಭಾವಚಿತ್ರ. ಯುದ್ಧಭೂಮಿಯ ಚಿತ್ರಗಳಲ್ಲ. ಬಹಳಷ್ಟು ಹೈಸ್ಕೂಲು ವಾರ್ಷಿಕ ಸಂಚಿಕೆಗೆ ತೆಗೆಸಿದ್ದು, ಸೇನೆ ಸೇರಿದಾಗ ತೆಗೆದದ್ದು. ನೀಟಾಗಿ ತಲೆ ಬಾಚಿ, ಟೈ ಕಟ್ಟಿ, ಸ್ವಲ್ಪ ನಕ್ಕು. ಕೆಳಗೆ ಹೆಸರು, ವಯಸ್ಸು, ಹುದ್ದೆ, ಊರು. 19, 20, 21. ಪುಟ ತಿರುವಿದರೆ ಮತ್ತೆ ಅದೇ, ಮತ್ತೆ ಅದೇ. ಯಾವ ಟೀಕೆಯೂ ಇಲ್ಲ. ಮೊದಮೊದಲು ಯುದ್ಧಕ್ಕೆ ಒತ್ತಾಸೆಯಾಗಿದ್ದ ಪತ್ರಿಕೆ ಹೀಗೆ ಮಾಡಿತು ಅನ್ನೋದು ಒಂದು. ಇನ್ನೊಂದು, ಆ ಸಂಚಿಕೆಯ ಉಳಿದ ಪುಟಗಳಲ್ಲಿ ಎಂದಿನ ಹಾಗೆ ಕಾರು, ಮದ್ಯ, ಸಿಗರೇಟು ಮಾರಾಟ ನಡೆದೇ ಇತ್ತು. ಆ 217 ಮುಖಗಳನ್ನು ಮಾತ್ರ ಹುಡುಕಿ ತೆರೆದು ಮುಚ್ಚಿದರೆ ಈ ಎರಡನೆಯದು ಕಾಣಲ್ಲ.

ಗಾತ್ರದ ಮಾತೂ ಇದೆ. ‘ಲೈಫ್’ನ ಚಿತ್ರವರದಿಗಳನ್ನು ಎರಡು ಪುಟ ಒಟ್ಟಿಗೆ ಬಿಡಿಸಿ ನೋಡಲೆಂದೇ ಜೋಡಿಸುತ್ತಿದ್ದರು. 1963ರ ಮೇ 17ರ ಸಂಚಿಕೆ ನೋಡಿ, ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಹಕ್ಕಿನ ಚಳವಳಿಯ ಹುಡುಗರ ಮೇಲೆ ಅಗ್ನಿಶಾಮಕದ ನೀರು ಹಾಯಿಸಿದ್ದು, ನಾಯಿ ಬಿಟ್ಟದ್ದು. ಚಾರ್ಲ್ಸ್ ಮೂರ್ ತೆಗೆದ ಚಿತ್ರಗಳು. ಫೋನಿನ ಪರದೆಯಲ್ಲಿ ಅದು ಬರೀ ಮಾಹಿತಿ. ಮೇಜಿನ ಮೇಲೆ ಬಿಡಿಸಿದರೆ ನೀರು ಮೈಗೇ ಬಡಿಯುತ್ತೆ.

ಬಯಲುಸೀಮೆ ಹುಡುಗ

ಮಾತು ಚೆನ್ನಾಗಿದೆ ರಾಯರೇ. ಆದರೂ ನಾನು ಸ್ಕ್ಯಾನೇ. ಬಾಡಿಗೆ ಮನೆ.

ಮಂಗ್ಳೂರು ಮಾಣಿ

ಬಾಗಿಲು ಇರ್ಲಿಲ್ಲ ಅಂದ್ರಲ್ಲ, ಅದಕ್ಕೊಂದು ಚಂದದ ಎಳೆ ಉಂಟು ಮಾರಾಯ್ರೆ. ‘ಟೈಮ್’, ‘ಲೈಫ್’ ಎರಡರ ಯಜಮಾನ ಹೆನ್ರಿ ಲೂಸ್. ಅವನ ಹೆಂಡತಿ ಕ್ಲೇರ್ ಬೂತ್ ಲೂಸ್ ಅಮೆರಿಕದ ಸಂಸತ್ತಿನಲ್ಲಿ ಇದ್ದವರು. 1946ರ ಲೂಸ್–ಸೆಲ್ಲರ್ ಕಾಯ್ದೆಯಲ್ಲಿ ಆ ‘ಲೂಸ್’ ಇವರದ್ದೇ. ಭಾರತೀಯರಿಗೆ ಪೌರತ್ವದ ಹಕ್ಕು, ವರ್ಷಕ್ಕೆ 100 ಜನರಿಗೆ ವಲಸೆಗೆ ಅವಕಾಶ. ನೂರೇ ನೂರು! ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1965ರ ವಲಸೆ ಕಾಯ್ದೆಯ ನಂತರ ಅಲ್ವಾ. ಹಾಗಾಗಿ ಈ ರಾಶಿಯಲ್ಲಿರುವ ಅಮೆರಿಕ ಅಂದ್ರೆ ನಾವು ಬರುವ ಮುಂಚಿನ ಅಮೆರಿಕ. ಅದನ್ನು ನೋಡ್ಲಿಕ್ಕೆ ನಮಗೆ ಹಕ್ಕಿಲ್ಲವಾ?

ಆದ್ರೆ ಒಂದು ಹುಷಾರು. ಲೂಸ್ ಹುಟ್ಟಿದ್ದು ಚೀನಾದಲ್ಲಿ, ಮಿಷನರಿಗಳ ಮಗ. ಅಲ್ಲಿನ ನಾಯಕ ಚಿಯಾಂಗ್ ಕೈ-ಷೆಕ್ ಅಂದ್ರೆ ಪ್ರಾಣ. 1937ಕ್ಕೆ ‘ಟೈಮ್’ ವರ್ಷದ ವ್ಯಕ್ತಿ ಅಂತ ಚಿಯಾಂಗ್ ಗಂಡ ಹೆಂಡತಿ ಇಬ್ಬರನ್ನೂ ಆರಿಸಿತು. 1941ರ ಫೆಬ್ರುವರಿಯ ‘ಲೈಫ್’ನಲ್ಲಿ ‘ಅಮೆರಿಕದ ಶತಮಾನ’ ಅಂತ ಅವನೇ ಬರೆದ ಲೇಖನ ಉಂಟು. ಜಗತ್ತಿನ ಯಜಮಾನಿಕೆ ನಾವು ವಹಿಸಿಕೊಳ್ಳಬೇಕು ಅನ್ನುವ ವಾದ. ಅದನ್ನು ಓದಿಕೊಂಡು ಉಳಿದದ್ದು ಓದಿ. ಇಲ್ಲದಿದ್ರೆ ಅವನು ತೋರಿಸಿದ್ದೇ ಅಮೆರಿಕ ಅಂದ್ಕೊಳ್ತೀರಿ.

ಇನ್ನು ಯುದ್ಧಕಾಲದ ‘ಲೈಫ್’. ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ಆದ ಎರಡು ವಾರಕ್ಕೆ, 1941ರ ಡಿಸೆಂಬರ್ 22ಕ್ಕೆ, ಜಪಾನಿಯರನ್ನೂ ಚೀನೀಯರನ್ನೂ ಮುಖ ನೋಡಿ ಬೇರೆ ಮಾಡುವುದು ಹೇಗೆ ಅಂತ ಗೆರೆ ಎಳೆದು ತೋರಿಸಿದ ಪುಟಗಳು. ಮೂಗು ಹೀಗೆ, ಕೆನ್ನೆಯ ಎಲುಬು ಹಾಗೆ. 1944ರ ಮೇ 22ರದ್ದು ಅದಕ್ಕಿಂತ ಕಷ್ಟ: ಅರಿಜೋನಾದ ಒಬ್ಬ ಹುಡುಗಿ ಮೇಜಿಗೆ ಕೂತು ನೌಕಾಪಡೆಯ ಗೆಳೆಯನಿಗೆ ಥ್ಯಾಂಕ್ಸ್ ಕಾಗದ ಬರೀತಿದ್ದಾಳೆ, ಎದುರಿಗೆ ಅವನು ಕಳಿಸಿದ ಜಪಾನಿ ಸೈನಿಕನ ತಲೆಬುರುಡೆ. ‘ವಾರದ ಚಿತ್ರ’ ಅಂತ ಪೂರ್ತಿ ಪುಟ. ಆ ಹುಡುಗಿಯ ಮುಖದಲ್ಲಿ ಏನೂ ಇಲ್ಲ, ಯಾರೋ ಕಳಿಸಿದ ಹೂದಾನಿ ನೋಡಿದ ಹಾಗೆ ನೋಡ್ತಾಳೆ. ಅದೇ ಪತ್ರಿಕೆ ಎಂಟು ತಿಂಗಳ ಹಿಂದೆ, 1943ರ ಸೆಪ್ಟೆಂಬರ್ 20ಕ್ಕೆ, ನ್ಯೂಗಿನಿಯ ಬ್ಯೂನಾ ಕಡಲತೀರದಲ್ಲಿ ಮರಳಿನ ಮೇಲೆ ಬಿದ್ದ ಮೂವರು ಅಮೆರಿಕನ್ ಸೈನಿಕರ ಹೆಣದ ಚಿತ್ರ ಹಾಕ್ಲಿಕ್ಕೆ ಸೆನ್ಸಾರಿನ ಜೊತೆ ತಿಂಗಳುಗಟ್ಟಲೆ ಗುದ್ದಾಡಿತ್ತು. ಯಾವ ಸಾವನ್ನು ಯಾವ ಗೌರವದಿಂದ ತೋರಿಸಿದ್ರು ಅಂತ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಅಕ್ಷರಪ್ರಿಯೆ

ಮಾಣಿಯವರು ಹೇಳಿದ್ದಕ್ಕೆ ಸೇರಿಸ್ತೀನಿ. ಯಾವ ಸಂಚಿಕೆ ಆರಿಸಿದರೂ ಅದರ ಮುಂದಿನ ಎರಡು ಮೂರು ವಾರದ್ದೂ ಜೊತೆಗೆ ತೆಗೆದುಕೊಳ್ಳಿ. ಓದುಗರ ಪತ್ರಗಳು ಬರುವುದು ಅಲ್ಲಿ. ದೊಡ್ಡ ಸಂಚಿಕೆಗಳ ಹಿಂದೆ ಬೀಳುವವರು ಇವನ್ನು ಬಿಟ್ಟುಬಿಡುತ್ತಾರೆ, ಹಾಗಾಗಿ ಬಿಡಿಗಾಸಿಗೆ ಸಿಗುತ್ತವೆ. ಅಲ್ಲಿ ಬೈಯುವವರು, ಹೊಗಳುವವರು, ಚಂದಾ ನಿಲ್ಲಿಸುತ್ತೇನೆ ಅನ್ನುವವರು ಎಲ್ಲ ಒಂದೇ ಪುಟದಲ್ಲಿ.

1951ರ ಡಿಸೆಂಬರ್ 3ರ ‘ಲೈಫ್’ನಲ್ಲಿ ಯೂಜೀನ್ ಸ್ಮಿತ್ ಮಾಡಿದ ಚಿತ್ರವರದಿ ಇದೆ: ದಕ್ಷಿಣ ಕೆರೊಲಿನಾದ ಬಡ ಹಳ್ಳಿಗಳಲ್ಲಿ ಒಬ್ಬಳೇ ಓಡಾಡಿ ಹೆರಿಗೆ ಮಾಡಿಸುತ್ತಿದ್ದ ಕಪ್ಪು ಸೂಲಗಿತ್ತಿ ನರ್ಸ್ ಮೌಡ್ ಕ್ಯಾಲೆನ್ ಬಗ್ಗೆ. ಓದಿದವರು ತಾವಾಗಿ ದುಡ್ಡು ಕಳಿಸಿದರು. 20,000 ಡಾಲರಿಗೂ ಮೀರಿತು, ಅದರಲ್ಲಿ ಅವರಿಗೊಂದು ಚಿಕಿತ್ಸಾಲಯ ಕಟ್ಟಿದರು.

ಅದರ ಎದುರಿಗೆ 1956ರ ಸೆಪ್ಟೆಂಬರ್ 24ರದನ್ನು ಇಡಿ. ಅಲಬಾಮಾದ ಒಂದು ಕಪ್ಪು ಕುಟುಂಬದ ದಿನಚರಿ, ಬಣ್ಣದಲ್ಲಿ. ತೆಗೆದವರು ಗಾರ್ಡನ್ ಪಾರ್ಕ್ಸ್, ‘ಲೈಫ್’ನ ಮೊದಲ ಕಪ್ಪು ಸಿಬ್ಬಂದಿ ಛಾಯಾಗ್ರಾಹಕ. ವರದಿಯಲ್ಲಿ ಮಾತಾಡಿದ ತಪ್ಪಿಗೆ ಆ ಕುಟುಂಬದ ಕಾಸಿ ದಂಪತಿ ಊರಿನ ಬಿಳಿಯರ ಕೋಪಕ್ಕೆ ಸಿಕ್ಕಿ, ಕೆಲಸ ಕಳೆದುಕೊಂಡು, ಊರನ್ನೇ ಬಿಡಬೇಕಾಯಿತು. ಮುಂದೇನಾಯಿತು ಅನ್ನುವುದನ್ನು ‘ಲೈಫ್’ ಡಿಸೆಂಬರ್‌ನಲ್ಲಿ ಮತ್ತೆ ಬರೆಯಿತು. ಓದುಗರ ಕೈ ಎರಡು ಕಡೆಯೂ ಇದೆ, ಒಂದು ಕಡೆ ಕಟ್ಟಿತು, ಇನ್ನೊಂದು ಕಡೆ ಓಡಿಸಿತು.

ಕಾಫಿತೋಟ

ಎಲ್ಲರೂ ‘ಲೈಫ್’ ಹಿಂದೆಯೇ ಬಿದ್ದಿದ್ದೀರಿ. ‘ನ್ಯೂಸ್‌ವೀಕ್’ ಇದ್ದರೆ 1970ರ ಮಾರ್ಚ್ 23ರದು ತೆಗೆದಿಡಿ, ಮಹಿಳೆಯರ ಬಂಡಾಯದ ಮುಖಪುಟ. ಅದು ಅಂಗಡಿಗೆ ಬಂದ ದಿನವೇ, ಮಾರ್ಚ್ 16ಕ್ಕೆ, ಅದೇ ಪತ್ರಿಕೆಯ 46 ಮಹಿಳೆಯರು ಆಡಳಿತದ ಮೇಲೆ ಲಿಂಗ ತಾರತಮ್ಯದ ದೂರು ಕೊಟ್ಟರು. ಅವರು ಮಾಹಿತಿ ಹುಡುಕಬೇಕು, ಬರೆಯುವವರು ಗಂಡಸರು, ಅದೇ ಪದ್ಧತಿ. ಹಳೇ ಸಂಚಿಕೆ ಸಿಕ್ಕರೆ ಸಂಪಾದಕೀಯ ಬಳಗದ ಪಟ್ಟಿ ಓದಿ. ಮೇಲಿನ ಸಾಲುಗಳೆಲ್ಲ ಗಂಡಸರ ಹೆಸರು, ಕೆಳಗೆ ಸಂಶೋಧಕರು ಅನ್ನುವಲ್ಲಿ ಹೆಂಗಸರು. ಆ ಪಟ್ಟಿಯನ್ನು ಯಾರೂ ಓದಲ್ಲ. ನಾನು ಮೊದಲು ಓದೋದು ಅದನ್ನೇ.

ಬೆಂಗ್ಳೂರು ಪೇಟೆ

ಇಲ್ಲಿ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, ಚರ್ಚ್ ಸ್ಟ್ರೀಟ್ ಕಡೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಯಾವಾಗಲೋ ಒಂದೊಂದು ‘ಲೈಫ್’ ಸಿಗುತ್ತೆ. ಹಳೇ ‘ಸ್ಪ್ಯಾನ್’ ಅದಕ್ಕಿಂತ ಸುಲಭ. ಅದು ಅಮೆರಿಕ ಸರ್ಕಾರ 1960ರಿಂದ ಭಾರತದಲ್ಲಿ ತರುತ್ತಿದ್ದ ಪತ್ರಿಕೆ, ಅಲ್ಲಿ ಎಲ್ಲರೂ ನಗುನಗುತ್ತಾ ಇರ್ತಾರೆ. ಅಮೆರಿಕದಿಂದ ತರಿಸಿದರೆ ಪತ್ರಿಕೆಗಿಂತ ಅಂಚೆ ದುಬಾರಿ. ಅಲ್ಲಿರುವವರು ಯಾರಾದರೂ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಹಾಕ್ಕೊಂಡು ಬನ್ನಿ ಅಂತ ಕೈಮುಗಿದು ಕೇಳ್ತೀನಿ.

ರದ್ದಿರಾಯ

ಅಂಚೆ ಅಂದಾಗ ನೆನಪಾಯ್ತು. ಅಮೆರಿಕದ ಒಳಗೆ ಕಳಿಸೋದಾದರೂ ಪುಸ್ತಕಕ್ಕೆ ಸಿಗುವ ಅಗ್ಗದ ಮೀಡಿಯಾ ಮೇಲ್ ದರ ಜಾಹೀರಾತಿರುವ ಪತ್ರಿಕೆಗೆ ಇಲ್ಲ. ಮಾರುವವರು ಹಾಗೇ ಕಳಿಸ್ತಾರೆ, ಅಂಚೆಯವರು ತೆರೆದು ನೋಡಿದರೆ ಬಾಕಿ ವಸೂಲಿ ನಿಮ್ಮ ಬಾಗಿಲಿಗೆ. ಹತ್ತಿರದಲ್ಲಿ ಎಸ್ಟೇಟ್ ಸೇಲ್ ಸಿಕ್ಕಿದ್ದು ಅದೃಷ್ಟ.

ಓಹಾಯೋ ವಾಸಿ

ಎಲ್ಲರಿಗೂ ಧನ್ಯವಾದ. ನಿನ್ನೆ ಹೋಗಿ ಒಂದು ಸುತ್ತು ನೋಡಿ ಬಂದೆ. ಕೆಳಗಿನ ಕಟ್ಟುಗಳಿಗೆ ನೀರು ಹತ್ತಿದೆ, ಬಿಟ್ಟೆ. 1956ರ ಆ ‘ಲುಕ್’ ಇದೆ! 1961ರ ಸೆಪ್ಟೆಂಬರ್ 15ರ ‘ಲೈಫ್’ ಕೂಡ ಸಿಕ್ಕಿತು: ಅಣುಬಾಂಬು ಬಿದ್ದರೆ ವಿಕಿರಣದಿಂದ ಪಾರಾಗುವುದು ಹೇಗೆ, ಜೊತೆಗೆ ಕೆನೆಡಿಯ ಪತ್ರ. 100ರಲ್ಲಿ 97 ಜನ ಉಳಿಯಬಹುದು ಅಂತ ಪತ್ರಿಕೆಯವರು ಧೈರ್ಯ ಹೇಳಿದ್ದಾರೆ. ಮಗಳು ಆಶ್ರಯಕೋಣೆಯ ನಕ್ಷೆ ನೋಡಿ, ‘ಅಪ್ಪಾ, ಇದರಲ್ಲಿ ಬಾತ್‌ರೂಮ್ ಎಲ್ಲಿ?’ ಅಂದಳು.

ಒಂದು ಡೌಟು. ಕೆನೆಡಿ ಸತ್ತಾಗಿನ 1963ರ ನವೆಂಬರ್ 29ರದು ಮೂರು ಪ್ರತಿ ಇವೆ. ಮೂರಕ್ಕೂ ಜಾಸ್ತಿ ರೇಟು ಹೇಳ್ತಿದ್ದಾರೆ.

ರದ್ದಿರಾಯ

ಒಂದು ಸಾಕು, ಚೌಕಾಶಿ ಮಾಡಿ. ಆ ವಾರದ್ದನ್ನು ಯಾರೂ ಎಸೆಯಲಿಲ್ಲ, ದೇಶದ ತುಂಬ ಇವೆ. ಗಮನಿಸಿ, ‘ಲೈಫ್’ ಹೆಸರಿನ ಹಿಂದಿನ ಕೆಂಪು ಚೌಕ ಅದರಲ್ಲಿ ಕಪ್ಪಾಗಿದೆ. ಕೆನೆಡಿಗೆ ಗುಂಡು ಬಿದ್ದಾಗ ಅಲ್ಲಿದ್ದ ಜಪ್ರೂಡರ್ ಎಂಬವರು ತೆಗೆದ ಚಲನಚಿತ್ರದ ಬಿಡಿ ಚಿತ್ರಗಳು ಒಳಗೆ ಕಪ್ಪುಬಿಳುಪಿನಲ್ಲಿವೆ. ಆ ರೀಲಿನ ಪೂರ್ತಿ ಹಕ್ಕಿಗೆ ‘ಲೈಫ್’ ಕೊಟ್ಟದ್ದು 1,50,000 ಡಾಲರ್. ತಲೆಗೆ ಗುಂಡು ತಾಗುವ ಚಿತ್ರವನ್ನು ಮಾತ್ರ ಆಗ ಹಾಕಲಿಲ್ಲ.

ನೀವು ಹುಡುಕಬೇಕಾದ್ದು 1964ರ ಅಕ್ಟೋಬರ್ 2ರದು, ಕೆನೆಡಿ ಕೊಲೆಯ ತನಿಖೆ ಮಾಡಿದ ವಾರನ್ ಆಯೋಗದ ವರದಿಯ ಸಂಚಿಕೆ. ಅಚ್ಚು ನಡೀತಿದ್ದಾಗಲೇ ಯಂತ್ರ ನಿಲ್ಲಿಸಿ ಒಂದು ಚಿತ್ರವನ್ನೂ ಅದರಡಿಯ ಸಾಲನ್ನೂ ಬದಲಿಸಿದ್ದರು. ಹಾಗಾಗಿ ಒಂದೇ ತಾರೀಕಿನ ಸಂಚಿಕೆ ಒಂದಕ್ಕಿಂತ ಹೆಚ್ಚು ರೂಪದಲ್ಲಿದೆ. ಮುಖಪುಟ ನೋಡಿದರೆ ತಿಳಿಯಲ್ಲ, ಒಳಗಿನ ಬಣ್ಣದ ಚಿತ್ರಗಳ ಸಾಲು ಹೋಲಿಸಬೇಕು.

ಓಹಾಯೋ ವಾಸಿ

ಅದು ಎರಡಿವೆ ರಾಯರೇ! ಒಂದರ ಮೇಲೆ ವಿಳಾಸದ ಚೀಟಿ ಇದೆ, ಇನ್ನೊಂದು ಅಂಗಡಿಯದ್ದು. ಎರಡೂ ತಗೋತೀನಿ. ಫೋಟೋ ತೆಗೆದು ಇಲ್ಲಿ ಹಾಕಲಾ?

ರದ್ದಿರಾಯ

ಹಾಕಿ. ಚೀಟಿಯ ಮೇಲಿನ ಹೆಸರು, ವಿಳಾಸ ಮುಚ್ಚಿ ಹಾಕಿ. ಪುಟ ಅಗಲಿಸುವಾಗ ಬೆನ್ನು ಒತ್ತಬೇಡಿ, ಪಿನ್ನಿನ ಹತ್ತಿರ ಕಿತ್ತುಬರುತ್ತೆ.